ಬ್ರೇಕಕ್ಕನ ಹದಿನೆಂಟು ಮೀಟರ್

ಆಕೆಯ ಬಲಗಾಲಿಗೆ ವಿಶ್ರಾಂತಿಯೆಂಬುದೇ ಇರಲಿಲ್ಲ. ದಂತವೈದ್ಯರ ಕೋಣೆಯ ಹೊರಗೆ ಸರದಿ ಕಾಯುತ್ತಿರಲಿ, ಸಿನಿಮಾ ನೋಡುತ್ತಿರಲಿ, ಯಾರದೋ ಮನೆಯ ಸೋಫಾದಲ್ಲಿ ಚಹದ ಬಟ್ಟಲು ಹಿಡಿದು ಕುಳಿತಿರಲಿ, ಎದುರಿಗಿದ್ದವರ ಮಾತು ತುಸು ಓಟ ಹಿಡಿಯಿತೆಂದರೆ ಆ ಪಾದ ತಾನಾಗಿ ಮುಂದಕ್ಕೆ ಚಾಚಿ, ಅಲ್ಲಿಲ್ಲದ ಪೆಡಲೊಂದನ್ನು ನೆಲಕ್ಕೆ ಅದುಮುತ್ತಿತ್ತು. ಕಾರು ಕಲಿಯುವವರ ಪಕ್ಕದ ಸೀಟಿನಲ್ಲಿ, ಕಲಿಸುವವರಿಗೆಂದೇ ಜೋಡಿಸಿದ ಎರಡನೆಯ ಬ್ರೇಕಿನ ಮೇಲೆ ಪಾದವಿಟ್ಟುಕೊಂಡು ಇಪ್ಪತ್ತೆರಡು ವರ್ಷ ಸವೆಸಿದ ಕಾಲು ಅದು. ಅಪಾಯಕ್ಕಿಂತ ಒಂದು ಕ್ಷಣ ಮೊದಲೇ ಎಚ್ಚರಗೊಳ್ಳುವುದು ಅದಕ್ಕೆ ಉಸಿರಾಟದಷ್ಟು ಸಹಜವಾಗಿಬಿಟ್ಟಿತ್ತು. ಶಿಷ್ಯರು ಆಕೆಗೆ ಬ್ರೇಕಕ್ಕ ಎಂದು ಹೆಸರಿಟ್ಟಿದ್ದರು. ಅದು ತನ್ನ ಕಿವಿಗೆ ಬಿದ್ದಾಗ ಆಕೆ ಕೋಪಿಸಿಕೊಳ್ಳಲಿಲ್ಲ. ಆಕ್ಸಿಲರೇಟರ್ ಅಕ್ಕ ಎಂದು ಕರೆಸಿಕೊಳ್ಳುವುದಕ್ಕಿಂತ ಇದು ಎಷ್ಟೋ ವಾಸಿ ಎಂದಳಂತೆ.

ಕುಳ್ಳಗಿನ ದೇಹ, ಎರಡೂ ಕೆನ್ನೆಗಳಲ್ಲಿ ಬಿಸಿಲು ಬರೆದ ಕಪ್ಪು, ಹತ್ತು ಹೆಜ್ಜೆಗೊಮ್ಮೆ ಹೆಗಲ ಮೇಲಿಂದ ಹಿಂದೆ ನೋಡುವ ನಡಿಗೆ. ಕಚೇರಿಗಳ ಓಣಿಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗಲೂ ಬಾಗಿಲಲ್ಲಿ ನಿಂತು, ಎಡಕ್ಕೂ ಬಲಕ್ಕೂ ದೃಷ್ಟಿ ಹಾಯಿಸಿ, ಫೈಲು ಹೊತ್ತ ಜವಾನನಿಗೆ ದಾರಿ ಬಿಟ್ಟು, ಆಮೇಲೆ ಹೊರಡುತ್ತಿದ್ದಳು. ಚಳಿಯಿರಲಿ ಸೆಕೆಯಿರಲಿ, ಮೊಣಕಾಲಿನವರೆಗೆ ಇಳಿದ ಕಂದು ಕೋಟೊಂದು ಮೈಮೇಲೆ ಇದ್ದೇ ಇರುತ್ತಿತ್ತು. ಅದನ್ನು ಹೊಲಿದವನು ಆಕೆಯ ಗಂಡ, ಮನೆಯ ಮುಂಭಾಗದಲ್ಲೇ ಅಂಗಡಿಯಿಟ್ಟ ದರ್ಜಿ. ಮಾತು ಕಡಿಮೆ, ಅಳತೆ ಹೆಚ್ಚು. ಏಳು ಜೇಬುಗಳ ಆ ಕೋಟಿನಲ್ಲಿ ಸೀಮೆಸುಣ್ಣ, ಟಾರ್ಚು, ವಾಂತಿ ಮಾಡಿಕೊಳ್ಳುವ ಶಿಷ್ಯರಿಗಾಗಿ ಕಾಗದದ ಚೀಲ, ಅಳುವ ಶಿಷ್ಯರಿಗಾಗಿ ಕರವಸ್ತ್ರ. ನನಗೆ ಈ ಎರಡೂ ಬೇಕಾಗಿದ್ದವು.

ನಾನು ಆಕೆಯ ಬಳಿ ಕಾರು ಕಲಿಯಹೋದದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಕರಡು ತಿದ್ದುವ ವೃತ್ತಿಯವನಾದ ನನಗೆ ಅಕ್ಷರದ ಮೇಲೆ ಇದ್ದ ಹಿಡಿತ ಸ್ಟಿಯರಿಂಗಿನ ಮೇಲೆ ಬರಲೊಲ್ಲದಾಯಿತು. ಎರಡು ಬಾರಿ ಪರೀಕ್ಷೆಯಲ್ಲಿ ಬಿದ್ದೆ. ಮೂರನೆಯ ಬಾರಿ ಹೋಗುವ ಮುನ್ನ ಧೈರ್ಯ ತುಂಬುವ ಒಂದು ಮಾತಾದರೂ ಬಂದೀತೆಂದು ಆಕೆಯ ಮುಖ ನೋಡಿದರೆ, ಎಂದಿನ ಪ್ರಶ್ನೆಯೇ ಬಂತು: "ಕನ್ನಡಿ ನೋಡಿದ್ರಾ?" ಇದು ಆಕೆಯ ಬಾಯಿಪಾಠ. ಮೈದುನ ಮನೆ ಕೊಳ್ಳುತ್ತೇನೆಂದರೆ ಕನ್ನಡಿ ನೋಡಿದ್ಯಾ ಎನ್ನುತ್ತಿದ್ದಳು. ಪಕ್ಕದ ಮನೆಯಾಕೆ ಕೆಲಸ ಬಿಡುತ್ತೇನೆಂದರೂ ಅದೇ ಮಾತು. ಮುಂದೆ ಹೋಗುವ ಮೊದಲು ಹಿಂದೆ ಏನು ಬರುತ್ತಿದೆಯೆಂದು ತಿಳಿದಿರಬೇಕು, ಅಷ್ಟೇ ಆಕೆಯ ವೇದಾಂತ.

ಆಕೆಯ ಪಾಠಕ್ರಮದಲ್ಲಿ ಸರ್ಕಾರದ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಅಧ್ಯಾಯವಿತ್ತು. ಕೊನೆಯ ಪಾಠದ ದಿನ ಶಿಷ್ಯರನ್ನು ಕಾರಿನಿಂದ ಇಳಿಸಿ, ತನ್ನ ಡ್ರೈವಿಂಗ್ ಶಾಲೆಯ ಮುಂದಿನ ರಸ್ತೆಯಂಚಿನಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಹಳೆಯ ಶಿಷ್ಯರು ಓಡಿಸಿಕೊಂಡು ಹಾಯುವ ಗಾಡಿಗಳ ಸದ್ದು ಕೇಳಿ ವೇಗ ಹೇಳಿಸಿ, ನಿಜವಾದ ಅಂಕಿಯನ್ನು ಆಮೇಲೆ ಅವರಿಂದಲೇ ಕೇಳುತ್ತಿದ್ದಳು. ಗಾಜಿನ ಒಳಗೆ ಕುಳಿತವನಿಗೆ ಐವತ್ತು ಬರೀ ಅಂಕಿ. ಅಂಚಿನಲ್ಲಿ ಕಣ್ಣು ಮುಚ್ಚಿ ನಿಂತವನಿಗೆ ಅದು ಮೈಮೇಲೆ ಬರುವ ಗಾಳಿ. ನಾವು ಮೂವತ್ತು ಎಂದದ್ದು ಐವತ್ತಿರುತ್ತಿತ್ತು, ಅರವತ್ತೆಂದದ್ದು ಮೂವತ್ತೈದಿರುತ್ತಿತ್ತು. ಆಕೆಯದು ಮಾತ್ರ ಒಂದೆರಡು ಕಿಲೋಮೀಟರಿನ ಆಚೀಚೆ ಹೋಗುತ್ತಿರಲಿಲ್ಲವೆಂದು ಊರೆಲ್ಲ ಪ್ರತೀತಿ. ಆಕೆಯ ಮನಸ್ಸಿನಲ್ಲೂ ಅದೇ ಪ್ರತೀತಿ ಬೇರೂರಿತ್ತೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಹೀಗಿರುವಾಗ, ಅದೇ ಶಾಲೆಯ ರಸ್ತೆಯಲ್ಲಿ ನಿಲ್ಲಿಸಿದ್ದ ವೇಗದ ಕ್ಯಾಮೆರಾದಿಂದ ಆಕೆಯ ಹೆಸರಿಗೊಂದು ನೋಟಿಸು ಬಂತು. ಐವತ್ತರ ಮಿತಿಯಲ್ಲಿ ಅರವತ್ತನಾಲ್ಕು. ಒಂದು ಗುರುವಾರ ಸಂಜೆ ಐದು ಗಂಟೆ ನಲವತ್ತು ನಿಮಿಷ. ಜೊತೆಗೆ ಎರಡು ಚಿತ್ರಗಳು: ಕಾರು ರಸ್ತೆಯ ಮೊದಲ ಬಿಳಿಗೆರೆ ದಾಟುವಾಗ ಒಂದು, ಎರಡನೆಯ ಬಿಳಿಗೆರೆ ದಾಟುವಾಗ ಇನ್ನೊಂದು. ಕಾರಿನ ನೆತ್ತಿಯ ಮೇಲೆ ಆಕೆಯ ಶಾಲೆಯ ಹಲಗೆ, ಅದರ ಮೇಲೆ ದಪ್ಪ ಅಕ್ಷರದಲ್ಲಿ 'ನಿಧಾನ, ಕಲಿಯುತ್ತಿದ್ದಾರೆ'. ಯಂತ್ರಕ್ಕೆ ಹಾಸ್ಯಪ್ರಜ್ಞೆ ಇಲ್ಲವೆಂದು ಯಾರು ಹೇಳಿದರು?

ಮೈದುನ ವಕೀಲ. ನೋಟಿಸನ್ನು ಓದುವ ಮೊದಲು ಲಕೋಟೆಯ ಅಂಚೆಮುದ್ರೆ ನೋಡುವುದು ಅವನ ಪಾಲಿಗೆ ವೃತ್ತಿಧರ್ಮ. ನೋಡಿದವನೇ ನಕ್ಕ. ಇಂಥ ನೋಟಿಸು ತಪ್ಪು ನಡೆದ ಹದಿನಾಲ್ಕು ದಿನದೊಳಗೆ ಗಾಡಿಯ ಒಡೆಯನ ಕೈಸೇರಬೇಕೆಂದು ಕಾಯಿದೆ. ಇದು ಸೇರಿದ್ದು ಇಪ್ಪತ್ತಾರನೆಯ ದಿನ. ತಡವಾಯಿತೆಂದು ಒಂದು ಸಾಲು ಬರೆದು ಲಕೋಟೆಯ ನಕಲು ಲಗತ್ತಿಸಿದರೆ ಅಲ್ಲಿಗೆ ಮುಗಿಯಿತು. ಬರೆಯದೆ ಸುಮ್ಮನೆ ಕುಳಿತರೂ ಇನ್ನೊಂದು ಗಡುವಿದೆ, ಆರು ತಿಂಗಳೊಳಗೆ ಅವರು ನ್ಯಾಯಾಲಯದಲ್ಲಿ ದೂರು ದಾಖಲಿಸದಿದ್ದರೆ ಪ್ರಕರಣ ತಾನಾಗಿ ಸಾಯುತ್ತದೆ. ಶಿಕ್ಷೆಯಾದರೆ ಮಾತ್ರ ಕಷ್ಟ: ವೇಗದ ತಪ್ಪಿಗೆ ದಂಡ ತೆತ್ತ ಶಿಕ್ಷಕರ ಪರವಾನಗಿಯ ಬಿಲ್ಲೆಯನ್ನು ಕೆಲವು ತಿಂಗಳ ಮಟ್ಟಿಗೆ ಕಿತ್ತುಕೊಳ್ಳುತ್ತಾರೆ, ಬಿಲ್ಲೆಯಿಲ್ಲದೆ ಕಾರಿನಲ್ಲಿ ಕುಳಿತು ಯಾರಿಗೂ ಕಲಿಸುವಂತಿಲ್ಲ. ಇಷ್ಟನ್ನೂ ಹೇಳಿ ಅವನು ಜೇಬಿನಿಂದ ಪೆನ್ನು ತೆಗೆದ.

ಆಕೆ ಪೆನ್ನನ್ನು ಮುಟ್ಟಲಿಲ್ಲ. ತಡವಾಗಿ ಬಂತು ಎಂಬುದು ಅಂಚೆಯ ವಿಷಯವಾಯಿತು, ತನ್ನ ವಿಷಯಕ್ಕೆ ಉತ್ತರವಾಗಲಿಲ್ಲ ಎಂದಳು. "ನಾನು ಓಡಿಸಿದ್ನೋ ಇಲ್ವೋ, ಅದನ್ನ ಹೇಳು. ಹದಿನಾಲ್ಕು ದಿನ ಆದ್ಮೇಲೆ ಅರವತ್ನಾಲ್ಕು ಐವತ್ತಾಗಿಬಿಡುತ್ತಾ?"

"ಅತ್ತಿಗೆ, ಬೀದೀಲಿ ಹೋಗೋ ಮಾರೀನ ಯಾಕೆ ಮನೆಗೆ ಕರೀತೀರಿ?" ಎಂದ ಮೈದುನ.

ಆಕೆಯ ಹಟಕ್ಕೆ ಒಂದು ಕಾರಣವಿತ್ತು. ಆ ತಿಂಗಳಲ್ಲಿ ಆಕೆಯ ಹಳೆಯ ಶಿಷ್ಯರು ನಾಲ್ಕು ಜನ ಬೇರೆ ಬೇರೆ ದಿನ ಫೋನ್ ಮಾಡಿ, ಅದೇ ಜಾಗದಲ್ಲಿ ಅದೇ ಕ್ಯಾಮೆರಾಕ್ಕೆ ಸಿಕ್ಕಿಬಿದ್ದೆವೆಂದು ಹೇಳಿಕೊಂಡಿದ್ದರು. ಅವರಲ್ಲಿ ಒಬ್ಬಾಕೆ, ಔಷಧದ ಅಂಗಡಿಯವಳು, ಗಾಡಿಯನ್ನು ಐವತ್ತರ ಮೇಲೆ ಒಯ್ಯಲು ಹೆದರುವಂಥವಳು. ಅವಳಿಗೂ ಐವತ್ತಾರೆಂದು ನೋಟಿಸು ಬಂದಿತ್ತು. ಆಗ ಬ್ರೇಕಕ್ಕ ಅವರೆಲ್ಲರಿಗೂ ಒಂದೇ ಮಾತು ಹೇಳಿದ್ದಳು: ಯಂತ್ರ ಸುಳ್ಳು ಹೇಳುವುದಿಲ್ಲ, ತೆಪ್ಪಗೆ ದಂಡ ಕಟ್ಟಿ. ಅವರು ಕಟ್ಟಿದ್ದರು. ಈಗ ತನ್ನ ಸರದಿ ಬಂದಾಗ, ಯಂತ್ರ ಸುಳ್ಳು ಹೇಳುತ್ತಿದೆ ಎಂದು ಆಕೆಗೆ ಮೊದಲ ಬಾರಿ ಅನ್ನಿಸಿತು. ಆ ಅನ್ನಿಸಿಕೆಯ ಹಿಂದೆಯೇ ನಾಚಿಕೆಯೂ ಬಂತು. ಆ ರಸ್ತೆಗೆ ಹೊಸದಾಗಿ ಡಾಂಬರು ಹಾಕಿ ಎರಡು ತಿಂಗಳಾಗಿತ್ತು. ಬಿಳಿಗೆರೆಗಳೂ, ಗಾಡಿ ದಾಟಿದ್ದನ್ನು ಯಂತ್ರಕ್ಕೆ ತಿಳಿಸಲು ಅವುಗಳಡಿ ಹೂತಿಡುವ ತಂತಿಗಳೂ ಹೊಸವು.

ಮುಂದಿನ ಭಾನುವಾರ ಬೆಳಗಿನ ಜಾವ ಆಕೆ ನನ್ನ ಮನೆಯ ಕರೆಗಂಟೆ ಬಾರಿಸಿದ್ದು ಹೀಗೆ. ನನ್ನನ್ನೇ ಏಕೆ ಆರಿಸಿದಳೆಂದು ಮುಂದೊಮ್ಮೆ ಕೇಳಿದೆ. ತಪ್ಪು ಹುಡುಕುವುದು ನನ್ನ ಕಸುಬಲ್ಲವೇ ಎಂದಳು. ಗಂಡನ ಅಂಗಡಿಯ ಟೇಪು ಒಂದೂವರೆ ಮೀಟರಿನದಾದ್ದರಿಂದ ಕಟ್ಟಡ ಕೆಲಸದವರೊಬ್ಬರಿಂದ ಮೂವತ್ತು ಮೀಟರಿನ ಉಕ್ಕಿನ ಟೇಪು ತಂದಿದ್ದಳು. ನಿರ್ಜನವಾದ ರಸ್ತೆಯಲ್ಲಿ ಎರಡೂ ಕಡೆ ಎಚ್ಚರಿಕೆಯ ತ್ರಿಕೋನಗಳನ್ನಿಟ್ಟು, ಮೊದಲ ಗೆರೆಯ ಅಂಚಿನ ಮೇಲೆ ನನ್ನನ್ನು ಮಂಡಿಯೂರಿಸಿ, ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿಯಲು ಹೇಳಿ, ತಾನು ಹಿಂದೆ ಹಿಂದೆ ಹೆಜ್ಜೆಯಿಡುತ್ತ ಎರಡನೆಯ ಗೆರೆಯ ಕಡೆಗೆ ಹೋದಳು. ಎರಡು ಗೆರೆಗಳ ನಡುವೆ ಇಪ್ಪತ್ತು ಮೀಟರ್ ಇದೆಯೆಂಬ ನಂಬಿಕೆಯ ಮೇಲೆ ಆ ಯಂತ್ರ ವೇಗವನ್ನು ಲೆಕ್ಕಹಾಕುತ್ತದೆಂದು ನೋಟಿಸಿನ ಬೆನ್ನಿನಲ್ಲೇ ಮುದ್ರಿಸಿತ್ತು. ಆಕೆ ಬಗ್ಗಿ ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ತುದಿಗಳನ್ನು ಅದಲುಬದಲು ಮಾಡಿಕೊಂಡು ನನ್ನನ್ನು ಆಚೆಗೆ ಕಳಿಸಿ ಇನ್ನೆರಡು ಬಾರಿ ಅಳೆಸಿದಳು.

ಹದಿನೆಂಟು ಮೀಟರ್. ಮೂರು ಸಲವೂ ಹದಿನೆಂಟೇ.

ನಾನು ಅಲ್ಲೇ ಕುಣಿದಾಡುವುದೊಂದು ಬಾಕಿ. ಗೆರೆ ಎಳೆದವರು ಎರಡು ಮೀಟರ್ ನುಂಗಿಹಾಕಿದ್ದರು. ಯಂತ್ರವೋ ಹದಿನೆಂಟನ್ನು ಇಪ್ಪತ್ತೆಂದು ನಂಬಿ, ಹಾದುಹೋದ ಪ್ರತಿಯೊಬ್ಬರ ವೇಗವನ್ನೂ ಹಿಗ್ಗಿಸಿ ಬರೆಯುತ್ತಿತ್ತು. ಗೆದ್ದಿರಿ ಎಂದೆ. ಆಕೆ ಫುಟ್‌ಪಾತಿನ ಮೇಲೆ ಕುಳಿತು, ಸೀಮೆಸುಣ್ಣ ತೆಗೆದು, ಕಲ್ಲಿನ ಮೇಲೆಯೇ ಲೆಕ್ಕ ಬರೆಯತೊಡಗಿದಳು. ಗೆರೆಯಿಂದ ಗೆರೆಗೆ ಕಾರು ತೆಗೆದುಕೊಂಡ ಸಮಯ ನೋಟಿಸಿನಲ್ಲಿತ್ತು: ಒಂದು ಸೆಕೆಂಡು, ಅದರ ಮೇಲೆ ಸೆಕೆಂಡಿನ ಎಂಟನೆಯ ಒಂದು ಪಾಲು. ಅಷ್ಟು ಹೊತ್ತಿನಲ್ಲಿ ಹದಿನೆಂಟು ಮೀಟರೆಂದರೆ ಸೆಕೆಂಡಿಗೆ ಹದಿನಾರು ಮೀಟರ್. ಗಂಟೆಗೆ ಐವತ್ತೇಳೂವರೆಗಿಂತ ತುಸು ಹೆಚ್ಚು. ಐವತ್ತೇಳೂವರೆ, ಮಿತಿ ಐವತ್ತು. ಆಕೆ ಲೆಕ್ಕವನ್ನು ಎರಡನೆಯ ಸಲ ಮಾಡಿ, ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು, ಕಲ್ಲಿನ ಮೇಲಿನ ಅಂಕಿಯನ್ನು ಒರೆಸದೆ ಬಹಳ ಹೊತ್ತು ನೋಡುತ್ತ ಕುಳಿತಳು. ಯಂತ್ರವೂ ಸುಳ್ಳು ಹೇಳಿತ್ತು, ಆಕೆಯೂ ಜೋರಾಗಿ ಓಡಿಸಿದ್ದಳು.

ಮನೆಗೆ ಹೋಗಿ ಪಾಠದ ಡೈರಿ ತೆರೆದಳು. ಗುರುವಾರ ಐದೂವರೆಯಿಂದ ಆರರವರೆಗೆ ಶಿಷ್ಯರಿರಲಿಲ್ಲ. ಆ ಹೊತ್ತಿನಲ್ಲಿ ಎಲ್ಲಿಗೆ ಹೊರಟಿದ್ದೆನೆಂದು ಎಷ್ಟು ಕೆದಕಿದರೂ ನೆನಪಿಗೆ ಬರಲಿಲ್ಲ. ನೆನಪಿಸಿದವನು ಗಂಡ. ಹೊಲಿಗೆಯಂತ್ರದಿಂದ ತಲೆಯೆತ್ತದೆಯೇ, ಅವತ್ತು ಗಿರಾಕಿಯೊಬ್ಬರ ಕೋಟಿಗೆ ಗುಂಡಿ ಸಾಲದೆ, ಆರಕ್ಕೆ ಅಂಗಡಿ ಮುಚ್ಚುತ್ತಾರೆಂದು ತಾನೇ ಅವಸರ ಮಾಡಿ ಕಳಿಸಿದ್ದೆನೆಂದು ಹೇಳಿದ. ತಪ್ಪು ತನ್ನದೆಂದು ಹೇಳಿಕೊಳ್ಳಲು ಅವನು ಸಿದ್ಧನಿದ್ದ. ಆಕೆ ಒಪ್ಪಲಿಲ್ಲ.

"ಗುಂಡಿ ತರೋಕೆ ಹೇಳಿದ್ದು ನೀವು. ಕಾಲು ನಂದು" ಎಂದಳು.

ತಾನು ಇಪ್ಪತ್ತೆರಡು ವರ್ಷ ಅನ್ಯರಿಗೆ ಹೇಳಿದ್ದನ್ನು ಆರು ಗುಂಡಿಗಳಿಗಾಗಿ ಮರೆತಿದ್ದು, ಮರೆತದ್ದು ತನಗೆ ಗೊತ್ತೇ ಆಗದಿದ್ದುದು, ಈ ಎರಡರಲ್ಲಿ ಎರಡನೆಯದೇ ಆಕೆಯನ್ನು ಹೆಚ್ಚು ಕಾಡಿತು. ಮೂರನೆಯ ದಿನ ಮೈದುನನನ್ನು ಕರೆಸಿ, ಕ್ಯಾಮೆರಾ ತಪ್ಪೆಂದು ಸಾಬೀತು ಮಾಡುವುದು ಹೇಗೆಂದು ಕೇಳಿದಳು. ದೂರು ಕೊಡಬಹುದು, ಕೊಟ್ಟರೆ 'ಗಮನಿಸಲಾಗಿದೆ' ಎಂಬ ಉತ್ತರ ಬರುತ್ತದೆ ಎಂದ ಅವನು. ಕೊಟ್ಟಳು, ಅಕ್ಷರಶಃ ಹಾಗೆಯೇ ಬಂತು. ನ್ಯಾಯಾಲಯ ಆಜ್ಞೆ ಮಾಡಿದರೆ ಮಾತ್ರ ಗೆರೆಗಳನ್ನು ಸರ್ಕಾರಿ ಮೋಜಣಿದಾರ ಬಂದು ಅಳೆಯುತ್ತಾನೆ. ನ್ಯಾಯಾಲಯ ಆಜ್ಞೆ ಮಾಡಬೇಕಾದರೆ ಅದರ ಮುಂದೆ ಜೀವಂತ ಪ್ರಕರಣವೊಂದು ಇರಬೇಕು. ಆ ಕ್ಯಾಮೆರಾಕ್ಕೆ ಸಿಕ್ಕಿದವರೆಲ್ಲ ಬಾಯಿಮುಚ್ಚಿಕೊಂಡು ದಂಡ ಕಟ್ಟಿದ್ದರಿಂದ ಅವರ ಪ್ರಕರಣಗಳೆಲ್ಲ ಮುಗಿದಿದ್ದವು. ಉಸಿರಾಡುತ್ತಿದ್ದದ್ದು ಒಂದೇ, ಬ್ರೇಕಕ್ಕನದು.

ಇಲ್ಲಿಂದ ಶುರುವಾದದ್ದು ಯಾವ ವಕೀಲನೂ ಕಂಡು ಕೇಳದ ವ್ಯವಹಾರ. ಗಾಡಿ ಓಡಿಸಿದವಳು ನಾನೇ, ನ್ಯಾಯಾಲಯದಲ್ಲೇ ವಿಚಾರಣೆಯಾಗಲಿ ಎಂದು ಆಕೆ ದಂಡದ ಕಚೇರಿಗೆ ಬರೆದು, ಟೇಪಿನ ಅಳತೆಯನ್ನೂ ನನ್ನ ಸಾಕ್ಷಿಸಹಿಯನ್ನೂ ಲಗತ್ತಿಸಿದಳು. ಹದಿನಾಲ್ಕು ದಿನದ ಮಾತನ್ನು ಎತ್ತಲೇ ಇಲ್ಲ; ಆ ರಕ್ಷಣೆ ಆರೋಪಿಯದು, ಅವಳೇ ಬೇಡವೆಂದರೆ ಯಾರೂ ತಂದು ಹೊದಿಸುವಂತಿಲ್ಲ. ಕಚೇರಿಯವರು ಪತ್ರ ಓದಿ ಬೆಚ್ಚಿದರೋ ಏನೋ, ಫೈಲನ್ನು ಕೆಳಗಿನ ಅರೆಗೆ ತಳ್ಳಿ ಕುಳಿತರು. ಆರು ತಿಂಗಳು ಕಳೆದರೆ ಹಾವೂ ಸಾಯದು, ಕೋಲೂ ಮುರಿಯದು. ಆಗ ಆಕೆ ಪ್ರತಿ ಸೋಮವಾರ ಬೆಳಗ್ಗೆ ಮೊದಲ ಪಾಠ ಮುಗಿಸಿ ಆ ಕಚೇರಿಗೆ ಹೋಗುವುದನ್ನು ವ್ರತದಂತೆ ಹಿಡಿದಳು. ಕಳ್ಳರನ್ನು ಪೊಲೀಸರು ಅಟ್ಟುವುದುಂಟು. ತನ್ನ ಮೇಲೆ ಬೇಗ ಮೊಕದ್ದಮೆ ಹೂಡಿ ಎಂದು ಆರೋಪಿಯೇ ಸರ್ಕಾರವನ್ನು ಅಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಫೈಲುಗಳ ಹೊಣೆ ಹೊತ್ತಿದ್ದವನು ಒಬ್ಬ ಗುಮಾಸ್ತ. ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ತುಂಬ ಹುಡುಕುವಂಥ ಸಾಧು. ಮೊದಲ ವಾರಗಳಲ್ಲಿ ಸಾಹೇಬರು ರಜೆ ಎಂದ, ಆಮೇಲೆ ಸಾಹೇಬರು ಮೀಟಿಂಗು ಎಂದ, ಆಮೇಲಾಮೇಲೆ ಆಕೆಯನ್ನು ಕಂಡೊಡನೆ ತಾನೇ ಎದ್ದು ಕುರ್ಚಿ ಹಾಕತೊಡಗಿದ. ಒಂದು ಸೋಮವಾರ ನಾನೂ ಜೊತೆಗಿದ್ದೆ. ಆರು ತಿಂಗಳಿಗೆ ಹನ್ನೊಂದು ದಿನ ಉಳಿದಿತ್ತು. ಅವನು ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದ: "ಮೇಡಂ, ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ. ಇನ್ನು ಹನ್ನೊಂದು ದಿನ ಮನೇಲಿ ಇದ್ದುಬಿಡಿ. ಇದು ತಾನಾಗೇ ಸತ್ತುಹೋಗುತ್ತೆ."

ಅದು ಸತ್ತರೆ ಉಳಿದವರು ಯಾರ ಬಾಗಿಲು ತಟ್ಟಬೇಕು ಎಂದು ಆಕೆ ಕೇಳಿದಳು. ಎಷ್ಟು ಜನ ಇರಬಹುದೆಂದು ಅವನಿಗೆ ಗೊತ್ತೇ ಎಂದೂ ಕೇಳಿದಳು. ಗುಮಾಸ್ತ ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿ, ಮೇಜಿನ ಗಾಜಿನ ಕೆಳಗೆ ದೃಷ್ಟಿ ನೆಟ್ಟ. ಅಲ್ಲಿ ಆ ಕ್ಯಾಮೆರಾದ ದಂಡ ಕಟ್ಟಿದ ರಸೀದಿಯೊಂದು ಇತ್ತು: ಐವತ್ತರಲ್ಲಿ ಐವತ್ತೆಂಟು. ಹೆಸರು ಅವನದೇ. ತನ್ನ ಸ್ಕೂಟರು ಇಳಿಜಾರಿನಲ್ಲೂ ಐವತ್ತೈದು ದಾಟುವುದಿಲ್ಲ ಎಂದು, ಅದೊಂದು ಅವಮಾನವೆಂಬಂತೆ, ಅವನು ಗೊಣಗಿದ. ಆಕೆ ಎದ್ದು ಬಂದಳು. ಮುಂದಿನ ವಾರ ಅವನು ಆ ಫೈಲನ್ನು ಸಾಹೇಬರ ಸಹಿಗೆ ಹೋಗುವ ನಲವತ್ತು ಫೈಲುಗಳ ನಡುವೆ ಸೇರಿಸಿದ. ಸಾಹೇಬರು ಓದದೆ ಸಹಿ ಹಾಕುವವರೆಂಬುದು ಆ ಕಚೇರಿಯಲ್ಲಿ ಎಲ್ಲರೂ ಬಲ್ಲ ಸಂಗತಿ. ಗಡುವಿಗೆ ಎರಡು ದಿನ ಇರುವಾಗ ದೂರು ನ್ಯಾಯಾಲಯದಲ್ಲಿ ದಾಖಲಾಯಿತು. ಸುದ್ದಿ ಬಂದಾಗ ಆಕೆ ಒಬ್ಬ ಶಿಷ್ಯನಿಗೆ ಏರುದಾರಿಯಲ್ಲಿ ಗಾಡಿ ನಿಲ್ಲಿಸುವುದನ್ನು ಕಲಿಸುತ್ತಿದ್ದಳು. ಆ ಪಾಠ ಮುಗಿಸಿ, ಕಾರಿನಿಂದಿಳಿದು, ಮರವೊಂದಕ್ಕೆ ಒರಗಿ ನಿಂತುಕೊಂಡಳಂತೆ. ಹೆದರಿಕೆ ಆಗಲಿಲ್ಲವೇ ಎಂದು ನಾನು ಕೇಳಿದ್ದಕ್ಕೆ, ಆಗದೆ ಏನು, ಬಿಲ್ಲೆ ಹೋದರೆ ಆಮೇಲೆ ಯಾವ ಮುಖ ಇಟ್ಟುಕೊಂಡು ಕಲಿಸಲಿ ಎಂದು ಮೂರು ರಾತ್ರಿ ನಿದ್ದೆಯಿಲ್ಲ ಎಂದಳು.

ನ್ಯಾಯಾಲಯದ ಕೋಣೆ ಕಿರಿದು. ಗೋಡೆಗೆ ಹಸಿರು ಬಣ್ಣ, ಮೂರು ಬೆಂಚು, ಒಂದು ಫ್ಯಾನು. ನ್ಯಾಯಾಧೀಶರು ವಯಸ್ಸಾದವರು, ಕೆಮ್ಮಿನ ನಡುವೆ ಮಾತಾಡುತ್ತಿದ್ದರೋ ಮಾತಿನ ನಡುವೆ ಕೆಮ್ಮುತ್ತಿದ್ದರೋ ತಿಳಿಯುತ್ತಿರಲಿಲ್ಲ. ಕಾಗದಗಳನ್ನು ತಿರುವಿದ ಅವರು ಲಕೋಟೆಯ ಅಂಚೆಮುದ್ರೆಯ ಬಳಿ ನಿಂತರು. ಮುಖದಲ್ಲಿ ಪ್ರಸನ್ನತೆ ಮೂಡಿತು; ಬೆಳಗಿನ ಪಟ್ಟಿಯಲ್ಲಿ ಒಂದು ಪ್ರಕರಣ ಇಷ್ಟು ಸುಲಭವಾಗಿ ಕರಗಿದರೆ ಯಾರಿಗೆ ಬೇಡ?

"ನೋಡಮ್ಮ, ನೋಟಿಸು ಹದಿನಾಲ್ಕು ದಿನದೊಳಗೆ ಬರಬೇಕಿತ್ತು, ಇಪ್ಪತ್ತಾರಕ್ಕೆ ಬಂದಿದೆ. ಅದನ್ನೊಂದು ಬಾಯಿಬಿಟ್ಟು ಹೇಳಿ. ನಾನು ಈಗಲೇ ಕೈಬಿಡ್ತೀನಿ."

"ಅದನ್ನ ಹೇಳಲ್ಲ ಸ್ವಾಮಿ."

ಹಿಂದಿನ ಬೆಂಚಿನಲ್ಲಿ ಮೈದುನ ಹಣೆಗೆ ಕೈಹಚ್ಚಿಕೊಂಡ. ನ್ಯಾಯಾಧೀಶರು ಕೆಮ್ಮು ಮುಗಿಸಿ, ಹಾಗಾದರೆ ಏನು ಹೇಳುತ್ತೀರೆಂದು ಕೇಳಿದರು. ಆಕೆ ಕಟಕಟೆಯ ಕಂಬಿಯನ್ನು ಸ್ಟಿಯರಿಂಗಿನಂತೆ ಎರಡೂ ಕೈಗಳಿಂದ ಹಿಡಿದು, ಬರೆದು ತಂದಿದ್ದ ಕಾಗದವನ್ನು ನೋಡದೆಯೇ ಹೇಳಿದಳು: "ಗೆರೆ ಇಪ್ಪತ್ತು ಮೀಟರ್ ದೂರ ಇಲ್ಲ, ಹದಿನೆಂಟಿದೆ. ಅಳತೆ ಮಾಡಿಸಿ. ನಾನು ಹೋಗಿದ್ದು ಅರವತ್ನಾಲ್ಕರಲ್ಲಿ ಅಲ್ಲ, ಐವತ್ತೇಳೂವರೇಲಿ. ಅದೂ ತಪ್ಪೇ. ಅದಕ್ಕೆ ಏನು ಶಿಕ್ಷೆಯೋ ಕೊಡಿ. ಆದ್ರೆ ಅಲ್ಲಿ ತಪ್ಪೇ ಮಾಡದೆ ದಂಡ ಕಟ್ಟಿದೋರಿದಾರೆ. ಅವರಿಗೆ ಕಟ್ಟಿ ಅಂತ ಬುದ್ಧಿ ಹೇಳಿದೋಳು ನಾನು."

ಸರ್ಕಾರದ ಪರ ವಕೀಲರು ಎದ್ದು, ಆರೋಪಿಯೇ ತಪ್ಪೊಪ್ಪಿಕೊಂಡ ಮೇಲೆ ಅಳತೆಯ ಅಗತ್ಯವೇನೆಂದು ಕೇಳಿದರು. ಎಷ್ಟು ತಪ್ಪಿಗೆ ಒಪ್ಪಿಕೊಂಡಿದ್ದಾರೆಂದು ತಿಳಿಯದೆ ಎಷ್ಟು ಶಿಕ್ಷೆ ಕೊಡಲಿ ಎಂದು ನ್ಯಾಯಾಧೀಶರು ಮರಳಿ ಕೇಳಿದರು. ಸರ್ಕಾರಿ ಮೋಜಣಿದಾರ ಹದಿನೈದು ದಿನದೊಳಗೆ ಸ್ಥಳಕ್ಕೆ ಹೋಗಿ ಅಳೆದು ವರದಿ ಕೊಡಬೇಕೆಂದು ಆಜ್ಞೆಯಾಯಿತು.

ವರದಿ ಬಂತು: ಹದಿನೆಂಟು ಮೀಟರ್, ಎರಡು ಸೆಂಟಿಮೀಟರ್. ಆ ಎರಡು ಸೆಂಟಿಮೀಟರನ್ನು ಬಿಟ್ಟದ್ದು ನನ್ನ ಹೆಬ್ಬೆರಳೆಂದು ಬ್ರೇಕಕ್ಕ ಇಂದಿಗೂ ನಂಬಿದ್ದಾಳೆ. ಡಾಂಬರು ಹಾಕಿದವರು ಹಳೆಯ ಗುರುತನ್ನು ಕೆದಕಿ ತೆಗೆದ ಮೇಲೆ ಅಳತೆಗೆಂದು ರಸ್ತೆಗೆ ಹೊಡೆದ ಮೊಳೆಗಳಲ್ಲಿ ತಪ್ಪು ಮೊಳೆಯಿಂದ ಅಳೆದಿದ್ದರಂತೆ. ಕ್ಯಾಮೆರಾವನ್ನು ನಿಲ್ಲಿಸಿದರು. ಐವತ್ತೈದನ್ನು ದಾಟಿದವರಿಗೆ ಮಾತ್ರ ನೋಟಿಸು ಕಳಿಸುವುದು ಅಲ್ಲಿನ ಪದ್ಧತಿಯಾದ್ದರಿಂದ, ಹೊಸ ಲೆಕ್ಕದಲ್ಲಿ ಅದರೊಳಗೆ ಬಿದ್ದವರ ದಂಡಗಳೆಲ್ಲ ರದ್ದಾದವು. ಒಟ್ಟು ನಾನೂರ ಹನ್ನೆರಡು ಜನ. ಔಷಧದ ಅಂಗಡಿಯವಳು ಅವರಲ್ಲಿದ್ದಳು, ಕನ್ನಡಕದ ಗುಮಾಸ್ತನೂ ಇದ್ದ. ಐವತ್ತೇಳೂವರೆಯ ಬ್ರೇಕಕ್ಕ ಇರಲಿಲ್ಲ. ಆಕೆಗೆ ಕನಿಷ್ಠ ದಂಡವನ್ನೂ, ನಿಯಮದಂತೆ ನಾಲ್ಕು ತಿಂಗಳ ಬಿಲ್ಲೆ ಅಮಾನತನ್ನೂ ವಿಧಿಸಿದ ನ್ಯಾಯಾಧೀಶರು, ಕಾಗದಗಳನ್ನು ಮುಚ್ಚುವ ಮುನ್ನ, ತಮ್ಮ ಮೂವತ್ತು ವರ್ಷದ ಅನುಭವದಲ್ಲಿ ತೆರೆದ ಬಾಗಿಲಿನ ಎದುರು ನಿಂತು ಗೋಡೆ ಹತ್ತಿದವರನ್ನು ಕಂಡಿರಲಿಲ್ಲ ಎಂದರು. ಹೊಗಳಿದರೋ ಗದರಿದರೋ ಹೇಳುವಂತಿರಲಿಲ್ಲ. ಆಕೆ ತಲೆಬಾಗಿ ನಮಸ್ಕರಿಸಿ, ಎದೆಯ ಮೇಲಿನ ಬಿಲ್ಲೆಯನ್ನು ತಾನೇ ಬಿಚ್ಚಿ ಮೇಜಿನ ಮೇಲಿಟ್ಟಳು. ಅಷ್ಟು ವರ್ಷ ಚುಚ್ಚಿದ್ದ ಜಾಗದಲ್ಲಿ ಕೋಟಿನ ಬಟ್ಟೆ ಹೊಸದರಂತೆ ಕಡುಗಂದಾಗಿ ಉಳಿದಿತ್ತು.

ಆ ನಾಲ್ಕು ತಿಂಗಳು ಸುಲಭವಾಗಿರಲಿಲ್ಲ. ವೇಗಕ್ಕೆ ಸಿಕ್ಕಿಬಿದ್ದ ಮೇಷ್ಟರಮ್ಮನ ಬಳಿ ಏನು ಕಲಿಯುವುದೆಂದು ಹಲವರು ಬೇರೆ ಶಾಲೆಗೆ ಹೋದರು. ದಂಡ ರದ್ದಾದ ನಾನೂರ ಹನ್ನೆರಡು ಮಂದಿಯಲ್ಲಿ ಬಂದು ಮಾತಾಡಿಸಿದವರು ಏಳು ಜನ. ಅವರಲ್ಲೊಬ್ಬರು, ಇಷ್ಟು ತಡವಾಯಿತೇಕೆಂದು ಜಗಳವಾಡಲು ಬಂದಿದ್ದರು. ಕಾರು ಹೊದಿಕೆ ಹೊದ್ದು ಮಲಗಿತು. ಒಂಬತ್ತು ಶಿಷ್ಯರು ಮಾತ್ರ ಕಾಯುತ್ತೇವೆಂದರು. ಕಾರಿನೊಳಗೆ ಕಲಿಸುವಂತಿಲ್ಲ, ರಸ್ತೆಯಂಚಿನಲ್ಲಿ ನಿಂತು ಕಲಿಸಬಾರದೆಂದು ಯಾವ ಕಾಯಿದೆಯೂ ಇಲ್ಲವಲ್ಲ. ಆ ಒಂಬತ್ತು ಜನರನ್ನೂ ದಿನ ಬೆಳಗಾದರೆ ಶಾಲೆಯ ಮುಂದೆ ಸಾಲಾಗಿ ನಿಲ್ಲಿಸಿ, ಕಣ್ಣುಮುಚ್ಚಿಸಿ, ವೇಗ ಹೇಳಿಸಿದಳು. ಈ ಸಲ ತಾನೂ ಅವರೊಂದಿಗೆ ಸಾಲಿನಲ್ಲಿ ನಿಂತು, ತಾನೂ ಕಣ್ಣು ಮುಚ್ಚಿ, ತನ್ನ ಉತ್ತರವನ್ನು ಎಲ್ಲರಿಗಿಂತ ಕೊನೆಗೆ ಹೇಳುತ್ತಿದ್ದಳು. ಒಂದು ದಿನ ಆ ದಾರಿಯಲ್ಲಿ ಹಾದುಹೋಗುವಾಗ ನಿಂತು ನೋಡಿದೆ. ಆಕೆ ನಲವತ್ತು ಎಂದಳು. ಶಿಷ್ಯೆಯೊಬ್ಬಳು ನಲವತ್ತೈದು ಎಂದಳು. ಆ ಗಾಡಿ ಓಡಿಸುತ್ತಿದ್ದ ಹಳೆಯ ಶಿಷ್ಯೆ ಹಿಂದಿರುಗಿ ಬಂದು ನಲವತ್ತೈದಿತ್ತು ಎಂದಾಗ, ಬ್ರೇಕಕ್ಕನ ಮುಖದಲ್ಲಿ ನಾನು ನಿರೀಕ್ಷಿಸಿದ ಪೆಚ್ಚು ಇರಲಿಲ್ಲ. ಆ ಹುಡುಗಿಯ ಬೆನ್ನು ತಟ್ಟಿ, ಮುಂದಿನ ಗಾಡಿಗೆ ಕಿವಿಗೊಟ್ಟಳು.

ನಾನು ಅಂಥ ಧಾತುವಿನವನಲ್ಲ. ಆ ಲಕೋಟೆ ನನ್ನ ಹೆಸರಿಗೆ ಬಂದಿದ್ದರೆ ಮೈದುನನ ಪೆನ್ನನ್ನು ಕಸಿದುಕೊಂಡು ಬರೆಯುತ್ತಿದ್ದೆ, ಬರೆದು ಅಂಚೆಯಣ್ಣನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಗಡುವುಗಳು ಇರುವುದೇ ನಮ್ಮಂಥವರಿಗಾಗಿ. ಹಳೆಯ ತಪ್ಪುಗಳಿಗೆಲ್ಲ ಒಂದು ಕೊನೆಯ ದಿನಾಂಕವೆಂಬುದು ಇಲ್ಲದಿದ್ದರೆ ಮನುಷ್ಯಮಾತ್ರರು ಬಾಳುವುದು ಹೇಗೆ? ಕಾಯಿದೆ ಕರುಣೆಯಿಂದಲೇ ಆ ಬಾಗಿಲನ್ನಿಟ್ಟಿದೆ, ನಾವು ಕೃತಜ್ಞತೆಯಿಂದಲೇ ಅದರಲ್ಲಿ ನುಸುಳುತ್ತೇವೆ. ಆದರೆ ಎಲ್ಲೋ ಒಬ್ಬರು, ಬಾಗಿಲು ತಮ್ಮೊಬ್ಬರ ಅಗಲಕ್ಕಷ್ಟೇ ತೆರೆದಿರುವುದನ್ನು ಕಂಡು, ಅಲ್ಲೇ ನಿಂತುಬಿಡುತ್ತಾರೆ. ತಮ್ಮ ತಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಇನ್ನೊಬ್ಬರ ತಪ್ಪನ್ನು ತೋರಿಸುತ್ತಾರೆ; ಆದ್ದರಿಂದಲೇ ಅವರ ಮಾತನ್ನು ತಳ್ಳಿಹಾಕಲಾಗುವುದಿಲ್ಲ. ಇಂಥವರು ಬಂಧುಗಳಾಗಿ ಸಿಕ್ಕರೆ ತಲೆನೋವು, ಕಚೇರಿಗೆ ಬಂದರೆ ತಲೆನೋವು, ಶಿಕ್ಷಕರಾಗಿ ಪಕ್ಕದಲ್ಲಿ ಕುಳಿತರಂತೂ ಹೇಳುವುದೇ ಬೇಡ. ಊರಿಗೆ ನಾಲ್ಕು ಜನ ಹೀಗಿದ್ದರೆ ಅಲ್ಲಿನ ಗೆರೆಗಳು ಇರಬೇಕಾದಲ್ಲಿ ಇರುತ್ತವೆ. ನಲವತ್ತು ಜನರಾದರೆ ಉಳಿದ ನಾವು ಊರು ಬಿಡಬೇಕಾಗುತ್ತದೆ.